ಪದಚರ್ಚೆ: ಚರ್ಚಿನ ಪಾಠದಲ್ಲಿ ‘ರೇಸ್’ಗೆ ಏನನ್ನಲಿ?

ಭಾನುವಾರದೊಳಗೆ ಒಂದು ಪದ ಬೇಕು. ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡ ಸಭೆ ಸೇರುವುದು ಅಮೆರಿಕದವರ ಚರ್ಚಿನಲ್ಲಿ. ಅವರು ದೊಡ್ಡವರಿಗೆ ಆರು ವಾರದ ಪಾಠ ಇಟ್ಟಿದ್ದಾರೆ. ವಿಷಯ, ಕಪ್ಪು ಬಿಳಿ ಭೇದ ಮತ್ತು ನಂಬಿಕೆ. ನಮ್ಮ ಹಿರಿಯರಿಗೆ ಕನ್ನಡದ ಹಾಳೆ ಮಾಡಿಕೊಡುವ ಕೆಲಸ ನನ್ನದು.

ಮೊದಲ ಪಾಠ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನದು. ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತ ಅಬ್ಸಲಂ ಜೋನ್ಸ್ ಅವರನ್ನು ಚರ್ಚಿನ ಬಿಳಿಯರು ಹಿಡಿದು ಎಬ್ಬಿಸುತ್ತಾರೆ. ‘ಪ್ರಾರ್ಥನೆ ಮುಗಿಯಲಿ, ತಾಳಿ’ ಅಂದರೂ ಬಿಡುವುದಿಲ್ಲ. ಕಪ್ಪು ಜನರೆಲ್ಲ ಎದ್ದು ಹೊರಗೆ ಬರುತ್ತಾರೆ. ಅವರಲ್ಲೊಬ್ಬರಾದ ರಿಚರ್ಡ್ ಆಲೆನ್ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಕಟ್ಟಿದರು.

ಇಲ್ಲಿ ಇಂಗ್ಲಿಷಿನ ‘ರೇಸ್’ಗೆ ಮೊದಲು ‘ಜನಾಂಗ’ ಅಂತ ಬರೆದೆ. ಸಭೆಯ ಅಜ್ಜಿಯೊಬ್ಬರು ಓದಿ, ‘ಜಾತಿ ಅಲ್ಲಿಗೂ ಹೋಗಿತ್ತಾ ಮಗಾ?’ ಅಂದರು. ‘ರೇಸ್’ ಅಂತ ತಿದ್ದಿದೆ. ‘ದೇವರ ಮನೆಯಲ್ಲಿ ಕುದುರೆ ಜೂಜಾ?’ ಅಂದರು.

— ಎಸ್., ನ್ಯೂಜೆರ್ಸಿ

ಜನಾಂಗ ಬೇಡ. ನಿಮ್ಮ ಕನ್ನಡ ಬೈಬಲ್ ಸತ್ಯವೇದದಲ್ಲೇ, ಅಪೊಸ್ತಲರ ಕೃತ್ಯಗಳು 17:26ರಲ್ಲಿ, ಅದು ಗ್ರೀಕಿನ ‘ಎಥ್ನೊಸ್’ಗೆ, ಅಂದರೆ ಒಂದು ನಾಡಿನ ಜನಕ್ಕೆ, ನಿಂತಿದೆ. ಅದು ಬೇರೆ. ‘ಮುಂದಿನ ಜನಾಂಗ’ ಅಂದರೆ ತಲೆಮಾರು. ಒಂದೇ ಪದದ ತಲೆ ಮೇಲೆ ಎಷ್ಟು ಮೂಟೆ ಹೊರಿಸ್ತೀರಿ? ‘ವರ್ಣ’ ಅನ್ನಿ. ದಕ್ಷಿಣ ಆಫ್ರಿಕಾದ್ದನ್ನು ಪತ್ರಿಕೆಗಳು ‘ವರ್ಣಭೇದ ನೀತಿ’ ಅಂತಲೇ ಬರೆದವು ಅಲ್ವಾ?

— ಕೆ., ಮೈಸೂರು

ವರ್ಣವಂತೆ! ನಾಲ್ಕು ವರ್ಣದ ಗಬ್ಬು ಅದರಿಂದ ಹೋಗಿದೆಯಾ? ದಲಿತ ಕ್ರೈಸ್ತರ ಮುಂದೆ ಒಮ್ಮೆ ಓದಿ ನೋಡಿ. ಅಜ್ಜಿ ಹೇಳಿದ್ದೇ ಸರಿ, ಜಾತಿಗೆ ಹತ್ತಿರದ ಪದವನ್ನೇ ಇಡಿ. 1959ರಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಕೇರಳಕ್ಕೆ ಬಂದಿದ್ದಾಗ ಒಂದು ಶಾಲೆಯ ಹೆಡ್‌ಮಾಸ್ಟರು ಮಕ್ಕಳಿಗೆ, ಇವರೂ ನಮ್ಮ ಹಾಗೆ ಅಸ್ಪೃಶ್ಯರು, ಅಮೆರಿಕದವರು ಅಂತ ಪರಿಚಯಿಸಿದರು. ಕಿಂಗ್‌ಗೆ ಮೊದಲು ಕಸಿವಿಸಿ. ಆಮೇಲೆ, ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡರು. 1965ರ ಪ್ರವಚನದಲ್ಲಿ ಅವರೇ ಹೇಳಿದ್ದು.

— ಆರ್., ಕೋಲಾರ

ಸಂಸ್ಕ್ರುತ ಬಿಡಿ. ‘ತಳಿ’ ಅನ್ನಿ. ಇಂಗ್ಲಿಶಿನ ರೇಸ್ ಇಟಲಿಯ ‘ರಾತ್ಸಾ’ದಿಂದ ಬಂತು. ಅದರ ಬುಡ ಹಳೆಯ ಪ್ರೆಂಚಿನ ‘ಹರಾಸ್’, ಅಂದರೆ ಕುದುರೆ ಸಾಕುವ ಜಾಗ, ಅನ್ನುವ ವಾದವಿದೆ. ಅಜ್ಜಿ ಕುದುರೆ ಅಂದದ್ದರಲ್ಲಿ ತಪ್ಪೇನಿಲ್ಲ.

— ಎನ್., ಶಿವಮೊಗ್ಗ

ತಳಿ ಹಳ್ಳಿಕಾರ್ ದನಕ್ಕೆ. ಮನುಷ್ಯರಿಗಲ್ಲ. ಮುಗಿಯಿತು.

— ಕೆ.

ಮನುಶ್ಯರನ್ನು ದನದ ಹಾಗೆ ಸಂತೆಯಲ್ಲಿ ಮಾರಿದವರ ಪದ ತಾನೇ ಅದು? ಅದಕ್ಕೇ ತಳಿ. ಅದಿರಲಿ, ಮೊದಲು ಆ ‘ಚರ್ಚ್’ ತೆಗೆಯಿರಿ.

— ಎನ್.

ನಮ್ಮ ಕಡೆ ಇಗರ್ಜಿ ಅಂತೀವಿ.

— ಡಿ., ಮಂಗಳೂರು

ಅದು ಪೋರ್ಚುಗೀಸ್. ಇಂಗ್ಲಿಷ್ ಸಾಲ ತೀರಿಸೋಕೆ ಪೋರ್ಚುಗೀಸರ ಹತ್ತಿರ ಸಾಲ!

— ಆರ್.

ನೀವು ಜಗಳ ಮುಂದುವರಿಸಿ, ನಾನು ಹಾಳೆ ಪ್ರಿಂಟಿಗೆ ಕೊಟ್ಟೆ. ಬೋರ್ಡಿನಲ್ಲಿ ‘ಮೈಬಣ್ಣ ಮತ್ತು ನಂಬಿಕೆ’. ವಿಷಯ ಬರೀ ಬಣ್ಣದ್ದಲ್ಲ, ಗೊತ್ತು. ಆದರೆ ಅಜ್ಜಿ ಈ ಸಲ ಓದಿ, ‘ಸೊಸೆ ಹುಡುಕುವಾಗ ನಾವು ನೋಡೋದೂ ಇದೇನಾ?’ ಅಂದರು. ಆ ಪ್ರಶ್ನೆಯನ್ನು ಹಾಗೇ ಎರಡನೇ ವಾರದ ಹಾಳೆಗೆ ಹಾಕಿದ್ದೇನೆ.

— ಎಸ್.

ಬಣ್ಣ ಅನ್ನೋದು ವರ್ಣದ ತದ್ಭವ. ಸುಮ್ನೆ ಊರೆಲ್ಲ ಸುತ್ತಿಸಿದಿರಿ.

— ಕೆ.