ವಾಯ್ಡ್ ಸೀಲ್ ಗುರುತೇ ಬಿಡದೆ ಕಿತ್ತು ಬರ್ತಿದೆ, ನಕಲಿ ಪೆಟ್ಟಿಗೆಯ ಕ್ಯೂಆರ್ ‘ಅಸಲಿ’ ಅಂತಿದೆ: ತಪ್ಪು ಎಲ್ಲಿ?

ಡಬ್ಬಿಮುಚ್ಚಳ:
ಎಲ್ಲರಿಗೂ ನಮಸ್ಕಾರ. ಸರಕು ವಿಟಮಿನ್ ಮಾತ್ರೆ. ಬಿಳಿ ಎಚ್‌ಡಿಪಿಇ (ಗಟ್ಟಿ ಪಾಲಿಥಿನ್) ಡಬ್ಬಿ, 38 ಮಿ.ಮೀ. ತಿರುಪು ಮುಚ್ಚಳ, ಮುಚ್ಚಳದೊಳಗೆ ಇಂಡಕ್ಷನ್ ಫಾಯಿಲ್ (ಸೀಲರಿನ ವಿದ್ಯುತ್ ಕಾಯಿಲ್ ಕೆಳಗೆ ಬಿಸಿಯಾಗಿ ಡಬ್ಬಿಯ ಬಾಯಿಗೆ ಅಂಟುವ ಅಲ್ಯೂಮಿನಿಯಂ ಹಾಳೆ), ಹೊರಗೆ ವಾರ್ನಿಷ್ ಹೊಡೆದ ರಟ್ಟಿನ ಪೆಟ್ಟಿಗೆ. ಮುಚ್ಚಳದಿಂದ ಡಬ್ಬಿಯ ಮೈಗೆ ಇಳಿಯುವ ಹಾಗೆ ಒಂದು ವಾಯ್ಡ್ ಲೇಬಲ್ (ಕಿತ್ತರೆ ‘ವಾಯ್ಡ್’ ಎಂಬ ಅಕ್ಷರ ಉಳಿಸಬೇಕಾದ ಸೀಲ್), ಪೆಟ್ಟಿಗೆಯ ಫ್ಲಾಪ್ ಮೇಲೆ ಇನ್ನೊಂದು. ತೊಂದರೆ ನಾಲ್ಕು:

1. ಡಬ್ಬಿಯ ಮೇಲಿನ ಲೇಬಲ್ ಎಳೆದರೆ ಇಡಿಯಾಗಿ ಬರುತ್ತದೆ. ಡಬ್ಬಿಯ ಮೇಲೆ ‘ವಾಯ್ಡ್’ ಅಕ್ಷರ ಉಳಿಯುವುದೇ ಇಲ್ಲ. ವಾಪಸ್ ಅಂಟಿಸಿದರೆ ಗೊತ್ತೇ ಆಗುವುದಿಲ್ಲ.
2. ಪೆಟ್ಟಿಗೆಯಲ್ಲಿ ಕೆಲವು ಕಡೆ ರಟ್ಟು ಹರಿದು ಬರುತ್ತದೆ, ಕೆಲವು ಕಡೆ ಅಚ್ಚುಕಟ್ಟಾಗಿ ಬಿಟ್ಟುಕೊಳ್ಳುತ್ತದೆ. ಚಳಿಯಲ್ಲಿ ಅಂಟಿಸಿದ ಲಾಟಿನಲ್ಲಿ ಜಾಸ್ತಿ.
3. ಫಾಯಿಲ್ ಕೆಲವು ಡಬ್ಬಿಗಳಲ್ಲಿ ಅರ್ಧಚಂದ್ರದ ಹಾಗೆ ಒಂದೇ ಬದಿಗೆ ಹಿಡಿದಿರುತ್ತದೆ.
4. ನಕಲಿ ಪೆಟ್ಟಿಗೆಯ ಕ್ಯೂಆರ್ ಸ್ಕ್ಯಾನ್ ಮಾಡಿದರೂ ನಮ್ಮ ಪುಟವೇ ತೆರೆದು ‘ಅಸಲಿ’ ಎನ್ನುತ್ತದೆ. ಒಂದೇ ಸೀರಿಯಲ್ ನೂರಾರು ಸಲ ಸ್ಕ್ಯಾನ್ ಆಗಿದೆ. ಇದರ ಜೊತೆಗೆ, ಶಿಪ್ಪರ್ ಡಬ್ಬದ (ಸಾಗಣೆಯ ದೊಡ್ಡ ಪೆಟ್ಟಿಗೆಯ) ಮೇಲಿನ ಡೇಟಾ ಮ್ಯಾಟ್ರಿಕ್ಸ್, ಅಂದರೆ ಕ್ಯೂಆರ್ ತರಹದ ಚೌಕ ಸಂಕೇತ, ಓದುವಾಗ ಗೋದಾಮಿನ ಸ್ಕ್ಯಾನರ್ ಬ್ಯಾಚ್ ನಂಬರನ್ನೂ ಸೀರಿಯಲ್ಲನ್ನೂ ಒಂದಕ್ಕೊಂದು ಅಂಟಿಸಿ ಕೊಡುತ್ತಿದೆ.

ಲೇಬಲ್ ಕೊಟ್ಟವರು “ಫಿಲ್ಮ್ ಸರಿಯಾಗಿಯೇ ಇದೆ” ಎನ್ನುತ್ತಾರೆ. ಫಿಲ್ಮ್ ಬದಲಿಸಬೇಕೇ?

ಅಂಟುಪುರಾಣ:
ಲೇಬಲ್ಲಿನವರು ಹೇಳಿದ್ದು ಬಹುಶಃ ನಿಜ. ಕೈಕೊಟ್ಟಿರುವುದು ಡಬ್ಬಿಯ ಮೈ.

ವಾಯ್ಡ್ ಫಿಲ್ಮ್ ಒಳಗೆ ಅಕ್ಷರದ ಆಕಾರದಲ್ಲಿ ಬೇಕಂತಲೇ ದುರ್ಬಲ ಮಾಡಿದ ಒಂದು ಪದರ ಇರುತ್ತದೆ. ಎಳೆದಾಗ ಆ ಪದರ ಬಿಡಬೇಕು, ಅಂಟು ಡಬ್ಬಿಗೆ ಕಚ್ಚಿಕೊಂಡೇ ಇರಬೇಕು. ಅಂಟು ಮತ್ತು ಡಬ್ಬಿಯ ನಡುವಿನ ಹಿಡಿತ ಆ ದುರ್ಬಲ ಪದರಕ್ಕಿಂತಲೂ ಕಡಿಮೆಯಾದರೆ ಮೊದಲು ಸೋಲುವುದು ಡಬ್ಬಿಯ ಕಡೆ. ಅಕ್ಷರ ಮೂಡುವ ಪ್ರಶ್ನೆಯೇ ಬರುವುದಿಲ್ಲ. ಎಚ್‌ಡಿಪಿಇಯ ಮೇಲ್ಮೈ ಶಕ್ತಿ (ಅಂಟು ಅದರ ಮೇಲೆ ಎಷ್ಟು ಹರಡಿ ಕಚ್ಚಬಲ್ಲದು ಎಂಬುದರ ಅಳತೆ) ಸೆಂ.ಮೀ.ಗೆ 31 ಡೈನ್‌ನ ಆಸುಪಾಸು, ಪಿಪಿ (ಪಾಲಿಪ್ರೊಪಿಲೀನ್) ಅದಕ್ಕಿಂತ ತುಸು ಕಡಿಮೆ, ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) 43ರ ಹತ್ತಿರ. ಬಹಳಷ್ಟು ವಾಯ್ಡ್ ಲೇಬಲ್‌ಗಳ ಅಕ್ರಿಲಿಕ್ ಅಂಟಿಗೆ ಕನಿಷ್ಠ 38 ಬೇಕು. ಗಾಜಿನ ಮೇಲೆ, ಪಿಇಟಿ ಮೇಲೆ ಅದೇ ಲೇಬಲ್ ಅಂಟಿಸಿ ನೋಡಿ, ಅಕ್ಷರ ಚೆನ್ನಾಗಿ ಮೂಡುತ್ತದೆ. ಸ್ಯಾಂಪಲ್ ತೋರಿಸುವವರು ಗಾಜಿನ ಮೇಲೆ ತೋರಿಸುವುದು ಸುಮ್ಮನೆ ಅಲ್ಲ!

ಮೊದಲು ಡೈನ್ ಇಂಕ್ (ಮೇಲ್ಮೈ ಶಕ್ತಿ ಅಳೆಯುವ ಇಂಕ್) ಪರೀಕ್ಷೆ. 34, 38, 42ರ ಇಂಕ್ ತನ್ನಿ. ಹತ್ತಿಕಡ್ಡಿಯಲ್ಲಿ ಒಂದು ಗೆರೆ ಎಳೆದು 2 ಸೆಕೆಂಡ್ ನೋಡಿ. ಗೆರೆ ಹಾಗೇ ನಿಂತರೆ ಪಾಸು, ಹನಿಹನಿಯಾಗಿ ಮುದುಡಿದರೆ ಫೇಲು. ಪೆನ್ ರೂಪದ್ದಕ್ಕಿಂತ ಸೀಸೆಯಲ್ಲಿ ಬರುವ ಇಂಕ್ ಒಳ್ಳೆಯದು, ಪೆನ್ನಿನ ಮೂತಿಗೆ ಡಬ್ಬಿಯ ಜಿಡ್ಡು ಹತ್ತಿ ಮುಂದಿನ ಅಳತೆಗಳೆಲ್ಲ ಕೆಡುತ್ತವೆ. ಇಂಕ್ ತಾಗಿದ ಡಬ್ಬಿಯನ್ನು ಲೈನಿಗೆ ವಾಪಸ್ ಬಿಡಬೇಡಿ.

38 ದಾಟದಿದ್ದರೆ ದಾರಿ ಮೂರು:

ಅ) ಡಬ್ಬಿಗೆ ಫ್ಲೇಮ್ ಟ್ರೀಟ್‌ಮೆಂಟ್, ಅಂದರೆ ಮೈಗೆ ಕ್ಷಣಕಾಲ ಬೆಂಕಿ ತಾಗಿಸಿ ಮೇಲ್ಮೈ ಶಕ್ತಿ ಏರಿಸುವುದು. ದುಂಡನೆಯ ಡಬ್ಬಿಗೆ ಕೊರೋನಾ ಎಂಬ ವಿದ್ಯುತ್ ಟ್ರೀಟ್‌ಮೆಂಟಿಗಿಂತ ಬೆಂಕಿಯೇ ಸಲೀಸು. ಆದರೆ ಇದರ ಗುಣ ದಿನ ಕಳೆದ ಹಾಗೆ ಇಳಿಯುತ್ತದೆ, ಸ್ಲಿಪ್ ಏಜೆಂಟ್ (ಜಾರಿಕೆ ಕೊಡುವ ಪದಾರ್ಥ) ಸೇರಿಸಿದ ಪ್ಲಾಸ್ಟಿಕ್ ಆದರೆ ಇನ್ನೂ ಬೇಗ. ಟ್ರೀಟ್ ಮಾಡಿದ ಡಬ್ಬಿಯನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿಟ್ಟು ಆಮೇಲೆ ಲೇಬಲ್ ಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಆ) ರಬ್ಬರ್ ಆಧಾರದ ಹಾಟ್‌ಮೆಲ್ಟ್ ಅಂಟಿನ ಲೇಬಲ್. ಎಚ್‌ಡಿಪಿಇಗೆ ಚೆನ್ನಾಗಿ ಕಚ್ಚುತ್ತದೆ. ಆದರೆ ಬಿಸಿಗೆ ಮೆತ್ತಗಾಗುವುದರಿಂದ ಹೇರ್ ಡ್ರೈಯರ್ ಹಿಡಿದವನಿಗೆ ಕೆಲಸ ಸಲೀಸು.

ಇ) ಡಬ್ಬಿಯ ಮೇಲೆ ವಾಯ್ಡ್ ಲೇಬಲ್ಲೇ ಬೇಡ. ಕುತ್ತಿಗೆಗೆ ಹೆಸರು ಮುದ್ರಿಸಿದ ಶ್ರಿಂಕ್ ಬ್ಯಾಂಡ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಪಟ್ಟಿ), ಒಳಗೆ ಮುದ್ರಿತ ಫಾಯಿಲ್.

ನನ್ನ ಓಟು ಇ)ಗೆ. 38 ಮಿ.ಮೀ. ಮುಚ್ಚಳದಿಂದ ಮೈಗೆ ಬಾಗುವ ಕಡೆ 50 ಮೈಕ್ರಾನ್ ಪಾಲಿಯೆಸ್ಟರ್ ಫಿಲ್ಮ್ ತನ್ನ ಬಿಗುವಿನಿಂದಲೇ ತುದಿ ಎತ್ತುತ್ತದೆ. ಆ ಎದ್ದ ತುದಿಯೇ ಕಳ್ಳನಿಗೆ ಹಿಡಿ. ಬ್ಯಾಂಡ್ ಮಾತ್ರ ಬರೀ ಪಾರದರ್ಶಕ ಬೇಡ, ಅದು ಎಲ್ಲೆಂದರಲ್ಲಿ ಸಿಗುತ್ತದೆ, ಕತ್ತರಿಸಿ ಹೊಸದು ಹಾಕಿದರೆ ಮುಗಿಯಿತು.

ಪೆಟ್ಟಿಗೆಯ ಕಥೆ ಬೇರೆ. ಅಲ್ಲಿ ಅಡ್ಡ ಬಂದಿರುವುದು ವಾರ್ನಿಷ್. ಅದರಲ್ಲಿನ ಮೇಣ, ಸಿಲಿಕೋನ್ ಅಂಟನ್ನು ಕಚ್ಚಲು ಬಿಡುವುದಿಲ್ಲ, ಪದರ ಎಲ್ಲಿ ತೆಳುವಾಗಿದೆಯೋ ಅಲ್ಲಿ ಮಾತ್ರ ರಟ್ಟು ಹರಿಯುತ್ತದೆ. ಮುದ್ರಣದವರಿಗೆ ಹೇಳಿ ಲೇಬಲ್ ಕೂರುವ ಜಾಗದಲ್ಲಿ ವಾರ್ನಿಷ್ ಬಿಡಿಸಿ, ಸುತ್ತ 2 ಮಿ.ಮೀ. ಹೆಚ್ಚುವರಿ ಇರಲಿ. ಖಾಲಿ ರಟ್ಟು ಸಿಕ್ಕಿದ ಮೇಲೆ ವಾಯ್ಡ್ ಫಿಲ್ಮಿನ ಖರ್ಚು ಬೇಕಿಲ್ಲ. ಗಟ್ಟಿ ಅಂಟಿನ ಸಾಮಾನ್ಯ ಸೀಲ್ ಸಾಕು, ಹರಿದ ನಾರೇ ಸಾಕ್ಷಿ. ಆ ಜಾಗದಲ್ಲಿ ಕಡುಬಣ್ಣದ ಮುದ್ರಣ ಇದ್ದರೆ ಹರಿದ ಬಿಳಿ ಎದ್ದು ಕಾಣುತ್ತದೆ. ಬಿಳಿಯ ಮೇಲೆ ಬಿಳಿ ಹರಿದರೆ ಯಾರ ಕಣ್ಣಿಗೂ ಬೀಳದು.

ಚಳಿಯ ವಿಷಯ: ಸಾಮಾನ್ಯ ಅಕ್ರಿಲಿಕ್ ಅಂಟನ್ನು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅಂಟಿಸಬಾರದು. ತಣ್ಣನೆಯ ಕೋಣೆಯಿಂದ ತಂದ ಪೆಟ್ಟಿಗೆಯ ಮೇಲೆ ಕಣ್ಣಿಗೆ ಕಾಣದ ತೇವವೂ ಇರುತ್ತದೆ. ಪೆಟ್ಟಿಗೆ, ಲೇಬಲ್ ರೋಲ್ ಎರಡನ್ನೂ ಪ್ಯಾಕಿಂಗ್ ಕೋಣೆಯಲ್ಲಿ ಹಿಂದಿನ ದಿನವೇ ಇಟ್ಟುಬಿಡಿ. ಪರೀಕ್ಷೆಯನ್ನು ಅಂಟಿಸಿದ ತಕ್ಷಣ ಮಾಡಬೇಡಿ: 20 ನಿಮಿಷ, 24 ಗಂಟೆ, 72 ಗಂಟೆ ಹೀಗೆ ಮೂರು ಸಲ, 180 ಡಿಗ್ರಿ ಕೋನದಲ್ಲಿ, ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ ಎಳೆದು ನೋಡಿ.

ಡಬ್ಬಿಮುಚ್ಚಳ:
ಪರೀಕ್ಷೆ ಮಾಡಿದೆ ಸರ್. 34ರ ಇಂಕೇ ಹನಿಗಟ್ಟಿತು. ಹಾಗಾದರೆ ಪೆಟ್ಟಿಗೆಗೆ ಒಡೆಯುವ ವಿನೈಲ್ ಹಾಕಿದರೆ ಹೇಗೆ, ಚೂರುಚೂರಾಗಿ ಬರುತ್ತಲ್ಲ, ಅದು?

ಅಂಟುಪುರಾಣ:
ಹಾಕಬಹುದು, ಕೈಯಿಂದ ಅಂಟಿಸುವುದಾದರೆ. ಮಷಿನ್‌ನಲ್ಲಿ ಪೀಲ್ ಪ್ಲೇಟಿನ (ಬ್ಯಾಕಿಂಗ್ ಕಾಗದದಿಂದ ಲೇಬಲ್ ಬಿಡಿಸುವ ತಟ್ಟೆಯ) ಚೂಪು ಅಂಚಿಗೆ ಬಂದಾಗ ಬ್ಯಾಕಿಂಗ್ ಬಿಡುವ ಮೊದಲೇ ಲೇಬಲ್ ಹರಿಯುತ್ತದೆ. ವೇಗ ಇಳಿಸಬೇಕು, ರೋಲ್ ಬ್ರೇಕ್ ಸಡಿಲ ಮಾಡಬೇಕು, ಆದರೂ ಕಿರಿಕಿರಿ ತಪ್ಪುವುದಿಲ್ಲ.

ಯಾವ ಸೀಲ್ ಆರಿಸಿದರೂ ಆರ್ಡರ್ ಕೊಡುವ ಮುಂಚೆ ನೀವೇ ಕಳ್ಳರಾಗಿ ನೋಡಿ. ಒಂದೊಂದು ಉಪಾಯಕ್ಕೆ ಐದೈದು ಸ್ಯಾಂಪಲ್: ಹೇರ್ ಡ್ರೈಯರ್, ಫ್ರೀಜ್ ಸ್ಪ್ರೇ, ಅಂಚಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ಇನ್ನೊಂದಕ್ಕೆ ಲೈಟರ್ ದ್ರಾವಣ, ಕೆಟಲ್ ಹಬೆ, ಬ್ಲೇಡ್. ಬಿಸಿಗೆ ಅಂಟು ಮೆತ್ತಗಾಗಿ ಜಾರುತ್ತದೆ, ತೀರಾ ಚಳಿಗೆ ಗಾಜಿನಂತೆ ಪೆಡಸಾಗಿ ‘ಟಪ್’ ಅಂತ ಬಿಡುತ್ತದೆ. ಒಂದನ್ನು ತಡೆಯುವ ಅಂಟು ಇನ್ನೊಂದಕ್ಕೆ ಸೋಲುವುದು ಮಾಮೂಲು. ಕಿತ್ತು ಮತ್ತೆ ಅಂಟಿಸಿದ್ದನ್ನು ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಮಾಮೂಲಿ ಬೆಳಕಿನಲ್ಲಿ ಹತ್ತು ಸೆಕೆಂಡ್ ನೋಡಲು ಹೇಳಿ. ಅವರಿಗೆ ಕಾಣದ ಗುರುತು ಗುರುತೇ ಅಲ್ಲ.

ಫಾಯಿಲ್‌ಪೋರ:
ಮೂರನೆಯದಕ್ಕೆ ನಾನು ಬರ್ತೀನಿ. ಅರ್ಧಚಂದ್ರ ಕಂಡರೆ ಎಲ್ಲರೂ ಮೊದಲು ಪವರ್ ಏರಿಸುತ್ತಾರೆ, ಅದು ಕಡೆಯ ಕೆಲಸ. ಹಿಡಿಯದ ಬದಿ ಪ್ರತಿ ಡಬ್ಬಿಯಲ್ಲೂ ಕನ್ವೇಯರಿನ ಒಂದೇ ಕಡೆಗಿದೆಯಾ ನೋಡಿ. ಮುಚ್ಚಳದ ಮೇಲೆ ಮಾರ್ಕರ್‌ನಿಂದ ಚಲಿಸುವ ದಿಕ್ಕಿಗೆ ಒಂದು ಬಾಣ ಬರೆದು ಹತ್ತು ಡಬ್ಬಿ ಓಡಿಸಿದರೆ ಗೊತ್ತಾಗುತ್ತದೆ. ಒಂದೇ ಕಡೆಗಿದ್ದರೆ ಸೀಲರ್ ತಲೆ ವಾಲಿದೆ, ಇಲ್ಲವೇ ಡಬ್ಬಿ ಕಾಯಿಲ್‌ನ ನಡುವೆ ಹೋಗುತ್ತಿಲ್ಲ: ಗೈಡ್ ರೈಲ್ ಸರಿಮಾಡಿ. ಎಲ್ಲೆಂದರಲ್ಲಿ ಇದ್ದರೆ ಮುಚ್ಚಳ ಓರೆಯಾಗಿ ಕೂತಿದೆ, ಬಿಗಿತ ಸಾಲದು, ಅಥವಾ ಡಬ್ಬಿಯ ಬಾಯಂಚಿನಲ್ಲಿ ಪ್ಲಾಸ್ಟಿಕ್ಕಿನ ಉಬ್ಬು ಇದೆ.

ಬಿಗಿತಕ್ಕೆ ಹಳೇ ಲೆಕ್ಕ: ಮುಚ್ಚಳದ ವ್ಯಾಸ ಮಿ.ಮೀ.ನಲ್ಲಿ ಎಷ್ಟೋ ಅದರ ಅರ್ಧದಷ್ಟು ಇಂಚ್-ಪೌಂಡ್. 38ಕ್ಕೆ 19, ಅಂದರೆ 2 ನ್ಯೂಟನ್ ಮೀಟರ್ ಚಿಲ್ಲರೆ. ಫಾಯಿಲ್ ಬಾಯಂಚಿಗೆ ಒತ್ತಿಕೊಂಡಿರದಿದ್ದರೆ ಎಷ್ಟು ಬಿಸಿ ಕೊಟ್ಟರೂ ಹಿಡಿಯದು.

ಇವೆರಡೂ ಸರಿ ಆದ ಮೇಲೆ ಪವರ್. 5 ಪ್ರತಿಶತದ ಮೆಟ್ಟಿಲಲ್ಲಿ ಏರಿಸುತ್ತ ಹೋಗಿ. ಸುತ್ತಲೂ ಪೂರ್ತಿ ಹಿಡಿದ ಮೊದಲ ಮಟ್ಟ ಬರೆದಿಡಿ, ಮುಚ್ಚಳದೊಳಗಿನ ರಟ್ಟಿನ ಪ್ಯಾಡ್ ಕಂದುಬಣ್ಣಕ್ಕೆ ತಿರುಗುವ ಮಟ್ಟವನ್ನೂ ಬರೆದಿಡಿ, ಓಡಿಸುವುದು ಎರಡರ ನಡುವೆ. ಕನ್ವೇಯರ್ ವೇಗ ಬದಲಿಸಿದರೆ ಈ ಲೆಕ್ಕ ಮೊದಲಿನಿಂದ. ಸೀಲ್ ಆದ ಮೇಲೆ ಮುಚ್ಚಳ ಸಡಿಲವಾಗುವುದು ಸಹಜ, ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ಇನ್ನೊಂದು ಮಾತು. ಬರೀ ಬೆಳ್ಳಿಬಣ್ಣದ ಫಾಯಿಲ್ ಯಾರು ಬೇಕಾದರೂ ಕೊಳ್ಳಬಹುದು, ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿಯೂ ಕೂರಿಸಬಹುದು. ನಿಮ್ಮ ಗುರುತು ಮುದ್ರಿಸಿದ ಫಾಯಿಲ್ ತರಿಸಿ. ಸುಲಭವಾಗಿ ಸಿಪ್ಪೆಯಂತೆ ಏಳುವ ಬಗೆ ಬೇಡ, ಪಿಇ ಪದರದ್ದು, ಎಚ್‌ಡಿಪಿಇ ಬಾಯಿಗೆ ಬೆಸೆದುಕೊಂಡು ಹರಿದೇ ಬರುವಂಥದ್ದು ಇರಲಿ. ಡಬ್ಬಿಯ ಲೇಬಲ್ ಮೇಲೆ “ಮುಚ್ಚಳದ ಕೆಳಗಿನ ಮುದ್ರಿತ ಫಾಯಿಲ್ ಹರಿದಿದ್ದರೆ ಅಥವಾ ಇಲ್ಲದಿದ್ದರೆ ಬಳಸಬೇಡಿ” ಅಂತ ಬರೆಯಿರಿ. 1982ರಲ್ಲಿ ಷಿಕಾಗೋ ಸುತ್ತಮುತ್ತ ಟೈಲನಾಲ್ ಕ್ಯಾಪ್ಸೂಲಿಗೆ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ತ ಮೇಲೆ ಅಮೆರಿಕ ತಂದ ಪ್ಯಾಕಿಂಗ್ ನಿಯಮದಲ್ಲಿ ಸೀಲಿನ ಜೊತೆಗೆ ಅದರ ಬಗ್ಗೆ ಲೇಬಲ್ ಮೇಲೆ ತಿಳಿಸಬೇಕೆಂಬುದೂ ಸೇರಿತು. ಅಲ್ಲಿ ಫಾಯಿಲ್ ಇರಬೇಕಿತ್ತು ಅನ್ನುವುದೇ ಗೊತ್ತಿಲ್ಲದವರಿಗೆ ಅದು ಇಲ್ಲದಿರುವುದು ಹೇಗೆ ತಿಳಿದೀತು?

ಚೌಕಚುಕ್ಕಿ:
ಸ್ಕ್ಯಾನರ್ ಗೊಂದಲ ಮೊದಲು ಮುಗಿಸೋಣ, ಅದು ಐದು ನಿಮಿಷದ್ದು. ಜಿಎಸ್1 ಎಂಬ ಬಾರ್‌ಕೋಡ್ ಮಾನದಂಡದಲ್ಲಿ ಪ್ರತಿ ಮಾಹಿತಿಯ ಮುಂದೆ ಅದರ ಗುರುತಿನ ಅಂಕಿ ಇರುತ್ತದೆ. ಬ್ಯಾಚ್ (10) ಮತ್ತು ಸೀರಿಯಲ್ (21) ಎರಡರ ಉದ್ದವೂ ನಿಗದಿಯಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ಕಡೆ ಆಸ್ಕಿ 29, ಅಂದರೆ ಗ್ರೂಪ್ ಸೆಪರೇಟರ್ ಇರಲೇಬೇಕು. ಅಚ್ಚಿನಲ್ಲಿ ಅದು ಇದ್ದರೂ ಕೀಬೋರ್ಡ್ ಮೋಡ್‌ನಲ್ಲಿರುವ (ಓದಿದ್ದನ್ನು ಕೀ ಒತ್ತಿದಂತೆ ಕಳಿಸುವ) ಸ್ಕ್ಯಾನರ್ ಅದನ್ನು ನುಂಗಿಬಿಡುತ್ತದೆ, ಕೀಬೋರ್ಡಿನಲ್ಲಿ ಆ ಕೀ ಇಲ್ಲವಲ್ಲ. ಸ್ಕ್ಯಾನರನ್ನು ಸೀರಿಯಲ್ ಪೋರ್ಟ್ ಮೋಡಿಗೆ ಹಾಕಿ, ಇಲ್ಲವೇ ಅದರ ಬದಲು ‘|’ ಚಿಹ್ನೆ ಕಳಿಸುವಂತೆ ಸೆಟ್ ಮಾಡಿ. ಕ್ರಮವನ್ನೂ ಹೀಗಿಡಿ: 01 ಮತ್ತು ಸರಕಿನ 14 ಅಂಕಿಯ ಸಂಖ್ಯೆ, 17 ಮತ್ತು ಅವಧಿ ಮುಗಿಯುವ 6 ಅಂಕಿಯ ದಿನಾಂಕ, ಆಮೇಲೆ 10, ಸೆಪರೇಟರ್, ಕೊನೆಗೆ 21. ಕ್ಯೂಆರ್‌ಗೆ ಜಾಲತಾಣದ ವಿಳಾಸದ ರೂಪವೇ ಇರುವುದಾದರೆ ಜಿಎಸ್1 ಡಿಜಿಟಲ್ ಲಿಂಕ್ ಬಳಸಿ. ಅಲ್ಲಿ /01/, /10/, /21/ ಎಂದು ಓರೆಗೆರೆಯೇ ಬೇರ್ಪಡಿಸುವುದರಿಂದ ಈ ತಾಪತ್ರಯ ಇಲ್ಲ.

ಈಗ ನಕಲಿ. ಪುಟ ‘ಅಸಲಿ’ ಎಂದಿದ್ದು ಪುಟದ ತಪ್ಪು. ಅದಕ್ಕೆ ಗೊತ್ತಿರುವುದು ಈ ಸಂಖ್ಯೆ ನಿಮ್ಮದು ಅನ್ನುವುದಷ್ಟೇ. ಸಂಖ್ಯೆ ಯಾವ ಪೆಟ್ಟಿಗೆಯ ಮೇಲಿದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಒಂದು ಅಸಲಿ ಪೆಟ್ಟಿಗೆಯ ಫೋಟೋ ತೆಗೆದರೆ ಸಾವಿರ ಪ್ರತಿ ಅಚ್ಚಾಗುತ್ತದೆ. ಹಾಗಾಗಿ ಎರಡು ಸಂಕೇತ ಇಡಿ. ಹೊರಗಿನದು ಬ್ಯಾಚ್, ದಿನಾಂಕದ ಮಾಹಿತಿಗೆ ಮಾತ್ರ. ಒಳಗಿನದು ಫಾಯಿಲ್ ಕೆಳಗೆ ಅಥವಾ ಕೆರೆಯುವ ಪದರದ ಕೆಳಗೆ, ಡಬ್ಬಿ ಒಡೆಯದೆ ಕಾಣಬಾರದು. ಒಳಗಿನದನ್ನು ಹಾಕಿದಾಗ ಪುಟ ಹೇಳಬೇಕಾದದ್ದು: “ಈ ಸಂಕೇತ ಇದೇ ಮೊದಲ ಸಲ ಪರೀಕ್ಷೆಗೆ ಬಂದಿದೆ”, ಇಲ್ಲವೇ “ಇಂಥ ದಿನ, ಇಂಥ ಹೊತ್ತಿಗೆ ಮೊದಲು ಬಂದಿತ್ತು. ಅದು ನೀವಲ್ಲದಿದ್ದರೆ ಬಳಸಬೇಡಿ”. ಹಸಿರು ಟಿಕ್ ತೆಗೆದುಹಾಕಿ. ನಕಲಿ ಮಾಡುವವರು ತಮ್ಮದೇ ಕ್ಯೂಆರ್ ಹಾಕಿ, ನಿಮ್ಮದರಂತೆಯೇ ಕಾಣುವ ತಾಣಕ್ಕೆ ಕರೆದೊಯ್ದು ಅದಕ್ಕಿಂತ ದೊಡ್ಡ ಟಿಕ್ ತೋರಿಸುತ್ತಾರೆ. ತಾಣದ ವಿಳಾಸವನ್ನು ಪೆಟ್ಟಿಗೆಯ ಮೇಲೆ ಓದಲು ಬರುವಷ್ಟು ದೊಡ್ಡದಾಗಿ ಅಚ್ಚು ಹಾಕಿ.

ಸೀರಿಯಲ್ 0001, 0002 ಎಂದು ಸಾಲಾಗಿ ಇದ್ದರೆ ಫೋಟೋ ಕೂಡ ಬೇಕಿಲ್ಲ, ಊಹಿಸಿದರಾಯಿತು. ಯುರೋಪ್ ಒಕ್ಕೂಟದ ಔಷಧ ನಿಯಮ 2016/161ರ ಪ್ರಕಾರ ಊಹೆ ಸರಿಹೋಗುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು. ನಿಮ್ಮ ಸರಕಿಗೂ ಅದನ್ನೇ ಅಳತೆ ಮಾಡಿಕೊಳ್ಳಿ. 10 ಲಕ್ಷ ಪೆಟ್ಟಿಗೆಗೆ 1000 ಕೋಟಿಗಿಂತ ಹೆಚ್ಚು ಸಂಕೇತಗಳ ಜಾಗ ಬೇಕು. ಗೊಂದಲ ಹುಟ್ಟಿಸುವ ನಾಲ್ಕು ಚಿಹ್ನೆ ಬಿಟ್ಟು ಉಳಿದ 32 ಅಕ್ಷರ-ಅಂಕಿ ಬಳಸಿದರೆ 7 ಸ್ಥಾನಕ್ಕೇ 3,400 ಕೋಟಿ ದಾಟುತ್ತದೆ. 10 ಸ್ಥಾನ ಇಟ್ಟರೆ ನಿಶ್ಚಿಂತೆ. ಸಂಖ್ಯೆಗಳು ಗೂಢಲಿಪಿಗೆ ತಕ್ಕ ಯಾದೃಚ್ಛಿಕ ಜನಕದಿಂದ ಬರಲಿ, ಗಡಿಯಾರದ ಸಮಯ ಕೊಟ್ಟು ಹುಟ್ಟಿಸಿದ್ದು ಬೇಡ.

ಎಲ್ಲರೂ ಮರೆಯುವುದು: ಸೀರಿಯಲ್ ಅಚ್ಚಾದ ಕ್ಷಣಕ್ಕೇ ಜೀವ ಪಡೆಯಬಾರದು. ಪ್ಯಾಕಿಂಗ್ ಲೈನಿನ ಕೊನೆಯ ಕ್ಯಾಮೆರಾ ಓದಿದ ಮೇಲೆ ಚಾಲ್ತಿಗೆ ಬರಲಿ. ಬಂದ ಲೇಬಲ್ = ಬಳಸಿದ್ದು + ಕೆಟ್ಟದ್ದು + ವಾಪಸ್ ಕೊಟ್ಟದ್ದು, ಈ ಲೆಕ್ಕ ಪ್ರತಿ ಪಾಳಿಯಲ್ಲೂ ತಾಳೆಯಾಗಬೇಕು. ಕಸದ ಬುಟ್ಟಿ ಸೇರಿದ ರೋಲ್ ಕೂಡ ಅಸಲಿ ಲೇಬಲ್ಲೇ.

ಡಬ್ಬಿಮುಚ್ಚಳ:
ತುಂಬಾ ಧನ್ಯವಾದ. ಸ್ಕ್ಯಾನರ್ ಸರಿಹೋಯಿತು. ಎನ್‌ಎಫ್‌ಸಿ ಟ್ಯಾಗ್ (ಫೋನ್ ತಾಗಿಸಿ ಓದುವ ಚಿಪ್) ಹಾಕಿದರೆ ಒಳಗಿನ ಸಂಕೇತ ಬೇಕಾಗುವುದಿಲ್ಲ ಅಂತಾರೆ, ಹೌದಾ? ಮತ್ತೆ ಲೇಬಲ್ ಮೇಲಿನ ಯುವಿ ಇಂಕ್ (ಯುವಿ ಟಾರ್ಚಿಗೆ ಮಾತ್ರ ಹೊಳೆಯುವ ಗುಪ್ತ ಇಂಕ್) ಸರಿಯಾಗಿ ಕಾಣುತ್ತಿಲ್ಲ, ಇಡೀ ಕಾಗದವೇ ನೀಲಿಯಾಗಿ ಹೊಳೆಯುತ್ತದೆ.

ಅಂಟುಪುರಾಣ:
ಕಾಗದದಲ್ಲಿ ಬಿಳುಪು ಹೆಚ್ಚಿಸುವ ಬ್ರೈಟ್‌ನರ್ ಇದೆ, ಅದೇ ಹೊಳೆಯುತ್ತಿರುವುದು. ಬ್ರೈಟ್‌ನರ್ ಇಲ್ಲದ ಕಾಗದ ಹುಡುಕಿ, ಇಲ್ಲವೇ ಕೆಂಪಾಗಿ ಹೊಳೆಯುವ ಇಂಕ್ ಹಾಕಿ. ಟಾರ್ಚ್ 365 ನ್ಯಾನೋಮೀಟರ್‌ದಾ ನೋಡಿ. ಅಗ್ಗದ 395ರ ಟಾರ್ಚಿನ ನೇರಳೆ ಬೆಳಕೇ ಕಣ್ಣಿಗೆ ಹೊಡೆದು ಇಂಕ್ ಮಂಕಾಗುತ್ತದೆ. ಅಷ್ಟಕ್ಕೂ ಇದು ನಿಮ್ಮ ಇನ್‌ಸ್ಪೆಕ್ಟರಿಗೆ, ಗಿರಾಕಿಗಲ್ಲ.

ಚೌಕಚುಕ್ಕಿ:
ಯಾವ ಟ್ಯಾಗ್ ಅನ್ನುವುದರ ಮೇಲೆ. ಸಾದಾ ಟ್ಯಾಗ್‌ನಲ್ಲಿರುವುದು ಬದಲಾಗದ ವಿಳಾಸ, ಅದೂ ಕ್ಯೂಆರ್‌ನಷ್ಟೇ ಸುಲಭವಾಗಿ ನಕಲಾಗುತ್ತದೆ. ಎನ್‌ಟ್ಯಾಗ್ 424 ಡಿಎನ್‌ಎ ತರಹದ್ದು ಬೇಕು. ಅದು ಪ್ರತಿ ಸಲ ಮುಟ್ಟಿದಾಗಲೂ ಎಣಿಕೆ ಏರಿಸಿ, ಎಇಎಸ್-128 ಎಂಬ ಗೂಢಲಿಪಿಯ ಕೀಯಿಂದ ಹೊಸ ಸಂದೇಶ ಕೊಡುತ್ತದೆ. ಸರ್ವರ್‌ನಲ್ಲಿ ಹಳೆಯ ಎಣಿಕೆಯನ್ನು ತಿರಸ್ಕರಿಸುವ ಕೋಡ್ ಬರೆಯದಿದ್ದರೆ ಕೊಟ್ಟ ದುಡ್ಡು ದಂಡ. ಕೀಗಳನ್ನು ಕಾರ್ಖಾನೆಯ ಡೀಫಾಲ್ಟ್‌ನಲ್ಲೇ ಬಿಟ್ಟರೂ ಅಷ್ಟೇ.

ಟ್ಯಾಗ್‌ಟ್ಯಾಂಪರ್ ಬಗೆಯಲ್ಲಿ ಒಂದು ಸಣ್ಣ ತಂತಿಸುತ್ತು ಸೀಲ್ ಮೇಲೆ ಹಾಯುತ್ತದೆ, ಅದು ತುಂಡಾದದ್ದನ್ನು ಚಿಪ್ ಒಮ್ಮೆ ಕಂಡರೆ ಶಾಶ್ವತವಾಗಿ ನೆನಪಿಡುತ್ತದೆ. ಆದರೆ ಚಿಪ್‌ಗೆ ಬ್ಯಾಟರಿ ಇಲ್ಲ, ಫೋನ್ ತಾಗಿದಾಗ ಮಾತ್ರ ಅಳೆಯುತ್ತದೆ. ತುಂಡಾಗಿ, ಯಾರೂ ಫೋನ್ ತಾಗಿಸುವ ಮುಂಚೆ ವಾಹಕ ಪೇಂಟ್‌ನಿಂದ ಜೋಡಿಸಿಬಿಟ್ಟರೆ ಅದಕ್ಕೆ ಸುಳಿವೇ ಇರುವುದಿಲ್ಲ. ಸುತ್ತಿನ ದಾರಿಯನ್ನು ಹರಿದರೆ ನುಚ್ಚಾಗುವ ಜಾಗದಲ್ಲೇ ಹಾಯಿಸಿ.

ನಿಮ್ಮ ಡಬ್ಬಿಯಲ್ಲಿ ಟ್ಯಾಗ್ ಮುಚ್ಚಳದ ನೆತ್ತಿಯ ಮೇಲೆ ಬೇಡ. ಕೆಳಗಿನ ಅಲ್ಯೂಮಿನಿಯಂ ಫಾಯಿಲ್ 13.56 ಮೆಗಾಹರ್ಟ್ಸ್‌ನ ಆಂಟೆನಾವನ್ನು ಶ್ರುತಿ ತಪ್ಪಿಸುತ್ತದೆ. ಅಲ್ಲೇ ಬೇಕೆಂದರೆ ನಡುವೆ ಫೆರೈಟ್ ಹಾಳೆ (ಲೋಹದ ಪ್ರಭಾವ ತಡೆಯುವ ಕಾಂತೀಯ ಹಾಳೆ) ಬೇಕು.

ಫಾಯಿಲ್‌ಪೋರ:
ಎಲ್ಲೇ ಹಾಕಿ, ಇಂಡಕ್ಷನ್ ಸೀಲರ್ ದಾಟಿದ ಮೇಲೆ ಅಂಟಿಸಿ. ಆ ಕಾಯಿಲ್ ಫಾಯಿಲನ್ನು ಕಾಯಿಸುವ ಹಾಗೆ ಟ್ಯಾಗಿನ ಆಂಟೆನಾವನ್ನೂ ಕಾಯಿಸುತ್ತದೆ. ಶ್ರಿಂಕ್ ಬ್ಯಾಂಡ್ ಅದಕ್ಕೂ ಆಮೇಲೆ. ಅಂದರೆ ಕ್ರಮ: ಮುಚ್ಚಳ, ಇಂಡಕ್ಷನ್, ತಣ್ಣಗಾದ ಮೇಲೆ ಮರುಬಿಗಿತ, ಟ್ಯಾಗ್, ಬ್ಯಾಂಡ್, ಹಬೆ ಸುರಂಗ, ಕ್ಯಾಮೆರಾ. ಪೆಟ್ಟಿಗೆಗೆ ಹಾಕುವ ಮುಂಚೆ ಡಬ್ಬಿಯ ಮೇಲಿನ ತೇವ ಒರೆಸಿ ಹೋಗುವಂತೆ ಒಂದು ಏರ್ ನೈಫ್ (ತೆಳು ಸೀಳಿನಿಂದ ಜೋರಾಗಿ ಗಾಳಿ ಊದುವ ಸಾಧನ) ಇಡಿ. ಇಲ್ಲದಿದ್ದರೆ ಆ ತೇವ ರಟ್ಟಿಗೆ ಇಳಿದು ಫ್ಲಾಪ್ ಮೇಲಿನ ಸೀಲ್ ಮತ್ತೆ ಬಿಡಲು ಶುರುಮಾಡುತ್ತದೆ, ನೀವು ಮತ್ತೆ ಅಂಟುಪುರಾಣರನ್ನೇ ಕೇಳಬೇಕಾಗುತ್ತದೆ.