ಸೈಟ್ ಏಜೆಂಟ್ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣುತ್ತಿಲ್ಲ, ಎಸ್‌ಇಒಗೆ ತಿಂಗಳಿಗೆ 18,000 ಕೊಡಬಹುದಾ? (ಮೈಸೂರು)

ಬೋಗಾದಿ_ಏಜೆಂಟ್:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಸೈಟ್, ಮನೆ ವ್ಯವಹಾರ ಮಾಡಿಸುತ್ತೇನೆ. ಬೋಗಾದಿ, ದಟ್ಟಗಳ್ಳಿ, ವಿಜಯನಗರ 4ನೇ ಹಂತ, ಈ ಕಡೆಯೇ ಜಾಸ್ತಿ. ಭೋಗ್ಯದ ಮನೆಗಳನ್ನೂ ಕೊಡಿಸುತ್ತೇನೆ. ರೆರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆ.

ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ನೋಡೋಕೆ ಚೆನ್ನಾಗಿದೆ, ಆದರೆ ಅದರಿಂದ ಒಂದು ಫೋನೂ ಬರುವುದಿಲ್ಲ. ಬರುವ ಗಿರಾಕಿಗಳೆಲ್ಲ ಹಳೇ ಪರಿಚಯದವರು, ಇಲ್ಲದಿದ್ದರೆ ಆಸ್ತಿ ಜಾಹೀರಾತಿನ ಪೋರ್ಟಲ್‌ಗೆ ದುಡ್ಡು ಕಟ್ಟಿ ತೆಗೆದುಕೊಂಡ ನಂಬರ್‌ಗಳು. ಆ ನಂಬರ್ ನನ್ನ ಕೈಗೆ ಬರುವ ಹೊತ್ತಿಗೆ ಇನ್ನೂ ನಾಲ್ಕು ಜನ ಏಜೆಂಟರು ಫೋನ್ ಮಾಡಿ ಅವರ ತಲೆ ತಿಂದಿರುತ್ತಾರೆ. ನಾನು ಮಾಡಿದರೆ "ಅಯ್ಯೋ ಬಿಡಿ ಸಾರ್" ಅಂತ ಕಟ್ ಮಾಡುತ್ತಾರೆ.

ಈಗ ಒಂದು ಕಂಪನಿಯವರು ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ವೆಬ್‌ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ, ಮಾಡಿಕೊಡುತ್ತೇವೆ ಅಂತ ಬಂದಿದ್ದಾರೆ. ತಿಂಗಳಿಗೆ 18,000. ಮೂರು ತಿಂಗಳಲ್ಲಿ 'ಸೈಟ್ಸ್ ಫಾರ್ ಸೇಲ್ ಇನ್ ಮೈಸೂರ್' ಅಂತ ಹುಡುಕಿದರೆ ಮೊದಲ ಪುಟದಲ್ಲಿ ನಾನಂತೆ, ಗ್ಯಾರಂಟಿಯಂತೆ. 200 ಪುಟ ಸೇರಿಸುತ್ತಾರೆ, ಬೇರೆ ವೆಬ್‌ಸೈಟ್‌ಗಳಿಂದ ನನ್ನದಕ್ಕೆ 500 ಲಿಂಕ್ (ಬ್ಯಾಕ್‌ಲಿಂಕ್) ಹಾಕಿಸುತ್ತಾರೆ. ಗೂಗಲ್ ಮ್ಯಾಪ್‌ನಲ್ಲಿ ನನ್ನ ಆಫೀಸಿನ ಹೆಸರಿನ ಜೊತೆ 'ಬೆಸ್ಟ್ ಪ್ರಾಪರ್ಟಿ ಡೀಲರ್ ಮೈಸೂರ್' ಅಂತಲೂ ಸೇರಿಸಬೇಕಂತೆ.

ಇದು ನಡೆಯುವ ಮಾತಾ? ಮಾರಿಹೋದ ಸೈಟುಗಳ ಪುಟಗಳನ್ನು ಅಳಿಸಬೇಕಾ, ಇಟ್ಟುಕೊಳ್ಳಬೇಕಾ? ಕನ್ನಡದಲ್ಲಿ ಬರೆದರೆ ಏನಾದರೂ ಉಪಯೋಗ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹರಿಹರದ_ಹೈದ:

ಗ್ಯಾರಂಟಿ ಅಂದ ಕೂಡಲೇ ಟೀ ಕುಡಿದು ಎದ್ದು ಬಂದುಬಿಡಿ ಅಣ್ಣಾ. ನಮ್ಮ ಮಾವನ ಗ್ರಾನೈಟ್ ಅಂಗಡಿಗೂ ಇಂಥವರೇ ಬಂದಿದ್ದರು. ತಿಂಗಳ ಕೊನೆಗೆ ಬಣ್ಣಬಣ್ಣದ ರಿಪೋರ್ಟ್ ಬರುತ್ತಿತ್ತು, ಗಿರಾಕಿ ಮಾತ್ರ ಬರಲಿಲ್ಲ.

ಸಣ್ಣಂಗಡಿ_ಎಸ್‌ಇಒ:

ಸರ್, ನಾನು ಇದೇ ಕೆಲಸ ಮಾಡುವವಳು. ಹುಬ್ಬಳ್ಳಿಯಲ್ಲಿ ಕೂತು ಸಣ್ಣ ವ್ಯಾಪಾರಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಅದರಲ್ಲಿ ನಿಮ್ಮಂಥ ಏಜೆಂಟರೂ ಇದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಗ್ಯಾರಂಟಿ. ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ ಅಂತ ಯಾರೂ ಭರವಸೆ ಕೊಡಲು ಆಗುವುದಿಲ್ಲ. ಇದನ್ನು ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಆ ಪದ ಹಾಕಿ ನೀವೇ ಒಮ್ಮೆ ಹುಡುಕಿ ನೋಡಿ. ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್ ಥರದ ಪೋರ್ಟಲ್‌ಗಳೇ ಸಾಲಾಗಿ ಕೂತಿರುತ್ತವೆ. 'ಮೈಸೂರಿನಲ್ಲಿ ಸೈಟು' ಅಂತ ಹುಡುಕುವವನಿಗೆ ಬೇಕಾಗಿರುವುದು ಒಂದೇ ಕಡೆ ನೂರಾರು ಸೈಟು. ಅದು ಅವರ ಹತ್ತಿರ ಇದೆ, ನಿಮ್ಮ ಹತ್ತಿರ ಇಲ್ಲ. ಸುಮ್ನೆ ಅಲ್ಲಿ ಜಿದ್ದಿಗೆ ಬೀಳಬೇಡಿ.

ಆ 200 ಪುಟ ಏನು ಗೊತ್ತಾ? 'ಬೋಗಾದಿ ಸೈಟ್', 'ದಟ್ಟಗಳ್ಳಿ ಸೈಟ್', 'ಹೂಟಗಳ್ಳಿ ಸೈಟ್' ಅಂತ ಏರಿಯಾ ಹೆಸರು ಬದಲಿಸಿ, ಕೆಳಗೆ ಅದೇ ನಾಲ್ಕು ಸಾಲು. ಗೂಗಲ್ ಇದನ್ನು ಡೋರ್‌ವೇ ಪೇಜ್ ಅಂತ ಕರೆದು ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ರಾಶಿಗಟ್ಟಲೆ ಪುಟ ಹುಟ್ಟಿಸುವುದರ ಮೇಲೆ 2024ರ ಮಾರ್ಚ್‌ನಲ್ಲಿ ಇನ್ನೊಂದು ನಿಯಮವನ್ನೂ ತಂದಿತು. ಎಐ ಬರೆದಿದ್ದೋ ಮನುಷ್ಯ ಬರೆದಿದ್ದೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ರ‍್ಯಾಂಕ್‌ಗೋಸ್ಕರ ದುಡ್ಡು ಕೊಟ್ಟು ಹಾಕಿಸುವ ಲಿಂಕ್ ಕೂಡ ಅದೇ ಪಟ್ಟಿಯಲ್ಲಿದೆ. ಇನ್ನು ಮ್ಯಾಪ್‌ನ ಹೆಸರು: ನಿಮ್ಮ ಆಫೀಸಿನ ಬೋರ್ಡಿನ ಮೇಲೆ ಏನಿದೆಯೋ ಅದೇ ಇರಬೇಕು. 'ಬೆಸ್ಟ್' ಅಂತ ಸೇರಿಸಿದರೆ ಪಕ್ಕದ ಬೀದಿಯ ಏಜೆಂಟೇ ರಿಪೋರ್ಟ್ ಮಾಡುತ್ತಾನೆ, ನಿಮ್ಮ ಪ್ರೊಫೈಲ್ ಸಸ್ಪೆಂಡ್ ಆಗಬಹುದು.

ಹಾಗಾದರೆ ಏನು ಮಾಡಬೇಕು? ಮ್ಯಾಪ್‌ನಿಂದಲೇ ಶುರು ಮಾಡಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಕೆಟಗರಿ, ಸಮಯ, ಆಫೀಸಿನ ಫೋಟೋ, ಫೋನ್ ನಂಬರ್ ಎಲ್ಲ ಸರಿ ಮಾಡಿ. ಆಫೀಸು ಮನೆಯಲ್ಲೇ ಇದ್ದು ಗಿರಾಕಿಗಳು ಅಲ್ಲಿಗೆ ಬರುವುದಿಲ್ಲ ಅಂದರೆ ವಿಳಾಸ ಮರೆಮಾಡಿ, ಕೆಲಸ ಮಾಡುವ ಏರಿಯಾ ಮಾತ್ರ ಹಾಕಬಹುದು. ಮ್ಯಾಪ್‌ನಲ್ಲಿ ಯಾರು ಮೇಲೆ ಬರುತ್ತಾರೆ ಅನ್ನುವುದಕ್ಕೆ ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೂ ನಿಮಗೂ ಇರುವ ಸಂಬಂಧ, ದೂರ, ನಿಮಗಿರುವ ಹೆಸರು. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದಿದ್ದು ಇದೆ. ರಿಜಿಸ್ಟ್ರೇಷನ್ ಮುಗಿದ ದಿನ ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ಹೊರಗೆ ಬರುವಾಗ ಪಾರ್ಟಿ ಖುಷಿಯಾಗಿರುತ್ತಾರೆ ಅಲ್ವಾ? ಆಗಲೇ ರಿವ್ಯೂ ಲಿಂಕ್ ವಾಟ್ಸಾಪ್ ಮಾಡಿ. ರಿವ್ಯೂಗೆ ಬದಲಾಗಿ ದುಡ್ಡು, ಗಿಫ್ಟು ಮಾತ್ರ ಕೊಡಬೇಡಿ, ಅದೂ ನಿಯಮಕ್ಕೆ ವಿರುದ್ಧ.

ಈಗ ವೆಬ್‌ಸೈಟ್. ಪೋರ್ಟಲ್‌ಗೆ ಗೊತ್ತಿಲ್ಲದ್ದು ನಿಮಗೆ ಏನು ಗೊತ್ತು? ಅದನ್ನು ಬರೆಯಿರಿ. ಗಿರಾಕಿ ಫೋನಿನಲ್ಲಿ ಏನು ಕೇಳುತ್ತಾನೆ ನೆನಪು ಮಾಡಿಕೊಳ್ಳಿ. ಈ ಬಡಾವಣೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗಿನ ಎಂಡಿಎ) ಅಪ್ರೂವ್ಡಾ? ಖಾತೆ ಎಲ್ಲಿ ಆಗುತ್ತದೆ, ಪಾಲಿಕೆಯಲ್ಲೋ, ಪಟ್ಟಣ ಪಂಚಾಯಿತಿಯಲ್ಲೋ, ಪ್ರಾಧಿಕಾರದಲ್ಲೋ? ಇ-ಖಾತಾ ಸಿಕ್ಕಿದೆಯಾ? ನದಿ ನೀರು ಬಂದಿದೆಯಾ, ಬೋರ್‌ವೆಲ್ಲೇ ಗತಿಯಾ? ಯುಜಿಡಿ (ಒಳಚರಂಡಿ) ಇದೆಯಾ? ಬ್ಯಾಂಕ್ ಸಾಲ ಆಗುತ್ತದಾ? ಮುಂದಿನ ರಸ್ತೆ 30 ಅಡಿಯದ್ದಾ, 40 ಅಡಿಯದ್ದಾ? ನೀವು ನಿಜವಾಗಿ ಓಡಾಡುವ ಪ್ರತಿ ಬಡಾವಣೆಗೆ ಒಂದೊಂದು ಪುಟ ಮಾಡಿ, ಈ ಪ್ರಶ್ನೆಗಳಿಗೆ ಅಲ್ಲಿ ನೇರ ಉತ್ತರ ಕೊಡಿ. ನೀವೇ ತೆಗೆದ ರಸ್ತೆಯ ಫೋಟೋ ಹಾಕಿ. ಎಂಟೋ ಹತ್ತೋ ಪುಟ ಆದರೆ ಸಾಕು. ಬಡಾವಣೆಯ ಹೆಸರು ಹಾಕಿ ಹುಡುಕುವವರು ಕಡಿಮೆ ಜನ, ನಿಜ. ಆದರೆ ಅವರು ಆಗಲೇ ಅಲ್ಲಿ ಸೈಟ್ ನೋಡಿ ಬಂದವರು, ಅಡ್ವಾನ್ಸ್ ಕೊಡುವ ಮುಂಚೆ ವಿಚಾರಿಸುತ್ತಿರುವವರು. ನಿಮಗೆ ಬೇಕಾದವರೇ ಅವರು.

ಭೋಗ್ಯದ ಮನೆಗೂ ಬೇರೆ ಪುಟ ಇರಲಿ. ಎಷ್ಟು ವರ್ಷದ ಕರಾರು, ಯಾರ ಹೆಸರಿಗೆ ದುಡ್ಡು, ಕರಾರು ನೋಂದಣಿ ಮಾಡಿಸಬೇಕಾ, ಓನರ್ ದುಡ್ಡು ವಾಪಸ್ ಕೊಡಲಿಲ್ಲ ಅಂದರೆ ಏನು, ಇದೆಲ್ಲ ಜನಕ್ಕೆ ಭಯ ಇರುವ ವಿಷಯ. ಬೇರೆ ರಾಜ್ಯದಿಂದ ಬಂದವರಿಗೆ ಬಾಡಿಗೆಯೇ ಇಲ್ಲದ ಈ ಪದ್ಧತಿ ಅರ್ಥವೇ ಆಗುವುದಿಲ್ಲ. ಸರಿಯಾಗಿ ಬಿಡಿಸಿ ಹೇಳಿದ ಪುಟ ನನ್ನ ಕಣ್ಣಿಗೆ ಬಿದ್ದಿರುವುದು ಕಡಿಮೆ.

ಮಾರಿಹೋದ ಸೈಟಿನ ಪುಟ: ಎಲ್ಲವನ್ನೂ ಹೋಮ್ ಪೇಜ್‌ಗೆ ರೀಡೈರೆಕ್ಟ್ ಮಾಡಬೇಡಿ, ಅಂದರೆ ಆ ಪುಟಕ್ಕೆ ಬಂದವರನ್ನು ತಾನಾಗಿ ಅಲ್ಲಿಗೆ ಕಳಿಸಬೇಡಿ. ಡೆವಲಪರ್‌ಗಳು ಸಾಮಾನ್ಯವಾಗಿ ಅದನ್ನೇ ಮಾಡುತ್ತಾರೆ, ಗೂಗಲ್ ಅದನ್ನು ಇಲ್ಲದ ಪುಟ ಅಂತಲೇ ಲೆಕ್ಕ ಹಾಕುತ್ತದೆ. ಪುಟಕ್ಕೆ ಇನ್ನೂ ಜನ ಬರುತ್ತಿದ್ದರೆ ಮೇಲೆ ದೊಡ್ಡದಾಗಿ 'ಮಾರಾಟವಾಗಿದೆ' ಅಂತ ಬರೆದು, ಕೆಳಗೆ ಅದೇ ಬಡಾವಣೆಯ ಬೇರೆ ಸೈಟುಗಳ ಲಿಂಕ್ ಕೊಡಿ. ಯಾರೂ ಬರುತ್ತಿಲ್ಲ ಅಂದರೆ ಧೈರ್ಯವಾಗಿ ತೆಗೆದುಹಾಕಿ, 404 ('ಪುಟ ಇಲ್ಲ' ಅನ್ನುವ ಸಂದೇಶ) ಬಂದರೆ ಏನೂ ಪಾಪ ಇಲ್ಲ. ಮಾರಿದ ಸೈಟನ್ನು ಖಾಲಿ ಇದೆ ಅಂತ ಇಟ್ಟುಕೊಂಡು ಫೋನ್ ಬರಿಸಿಕೊಳ್ಳುವ ಚಾಳಿ ಕೆಲವರಿಗಿದೆ. ಫೋನ್ ಮಾಡಿದವರು ರಿವ್ಯೂನಲ್ಲಿ ಹೋಗಿ ಬೈದು ಬರುತ್ತಾರೆ.

ಕೊನೆಯದಾಗಿ ಒಂದು ಅನುಮಾನ. ನೀವು ಸೈಟಿನ ವಿವರ ಹೇಗೆ ಹಾಕುತ್ತೀರಿ? ವಾಟ್ಸಾಪ್‌ಗೆ ಅಂತ ಮಾಡಿಸಿದ ಪೋಸ್ಟರನ್ನೇ ಅಪ್‌ಲೋಡ್ ಮಾಡುತ್ತೀರಾ?

ಪುಣೆ_ಮೈಸೂರಿಗ:

ಕೊಳ್ಳುವವನ ಕಡೆಯಿಂದ ಒಂದು ಮಾತು. ನಾನು ಪುಣೆಯಲ್ಲಿದ್ದೇನೆ, ಮೈಸೂರಿನಲ್ಲಿ 30×40 ಹುಡುಕುತ್ತಿದ್ದೇನೆ. ಹೊಸ ಹೈವೇ ಆದ ಮೇಲೆ ಬೆಂಗಳೂರಿನವರೆಲ್ಲ ಅಲ್ಲೇ ಸೈಟು ನೋಡುತ್ತಿದ್ದಾರೆ ಅಂತ ಪ್ರತಿ ಏಜೆಂಟೂ ಹೇಳುತ್ತಾರೆ, ಆ ವಿಷಯ ಬಿಡಿ. ನನಗೆ ಸಿಟ್ಟು ಬರುವುದು ಎರಡಕ್ಕೆ. ಒಂದು, 'ಪ್ರೈಸ್ ಆನ್ ರಿಕ್ವೆಸ್ಟ್'. ಎರಡು, ನಂಬರ್ ಕೊಟ್ಟು ಒಟಿಪಿ ಹಾಕಿದ ಮೇಲೆ ಫೋಟೋ ತೋರಿಸುವುದು. ಚದರಡಿಗೆ ಇಷ್ಟರಿಂದ ಇಷ್ಟರ ಒಳಗೆ ಅಂತ ಬರೆದರೆ ಸಾಕಪ್ಪ, ಆಗುತ್ತದೋ ಇಲ್ಲವೋ ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ.

ನಾನು ಟೈಪ್ ಮಾಡುವುದು ಇಂಗ್ಲಿಷಿನಲ್ಲೇ. ಅಮ್ಮ ಮಾತ್ರ ಫೋನಿಗೆ ಕನ್ನಡದಲ್ಲೇ ಮಾತಾಡಿ ಹುಡುಕುತ್ತಾರೆ. ಕೊನೆಗೆ ಹೂಂ ಅನ್ನುವುದು ಅವರೇ!

ಬೋಗಾದಿ_ಏಜೆಂಟ್:

@ಸಣ್ಣಂಗಡಿ_ಎಸ್‌ಇಒ ಮೇಡಂ, ತುಂಬಾ ಥ್ಯಾಂಕ್ಸ್. ಹೌದು, ಪೋಸ್ಟರೇ! ಬೇರೆ ಹೇಗೆ ಹಾಕುತ್ತಾರೆ? ಕನ್ನಡದ ಪುಟವೂ ಒಂದಿದೆ, 'ನಮ್ಮ ಬಗ್ಗೆ' ಅಂತ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ಅದು ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಹೆಂಡತಿಯ ಫೋನಿನಲ್ಲಿ ಏನೇನೋ ಇಂಗ್ಲಿಷ್ ಅಕ್ಷರ.

ಸಣ್ಣಂಗಡಿ_ಎಸ್‌ಇಒ:

ಅಂದುಕೊಂಡೆ. ಪೋಸ್ಟರ್ ಅಂದರೆ ಗೂಗಲ್‌ಗೆ ಅದು ಒಂದು ಚಿತ್ರ, ಅಷ್ಟೇ. ಒಳಗೆ ನೀವು ಬರೆಸಿದ ಅಳತೆ, ದಿಕ್ಕು, ನಂಬರ್ ಯಾವುದನ್ನೂ ಪುಟದ ಮಾತು ಅಂತ ಅದು ನೆಚ್ಚಿಕೊಳ್ಳುವುದಿಲ್ಲ. ಫೋನಿನಲ್ಲಿ ನೋಡುವವನಿಗೂ ಆ ನಂಬರ್ ಒತ್ತಿ ಕರೆ ಮಾಡಲು ಆಗುವುದಿಲ್ಲ, ಪೇಪರಿನಲ್ಲಿ ಬರೆದುಕೊಂಡು ಡಯಲ್ ಮಾಡಬೇಕು. ಹೀಗೆ ಮಾಡಿ. ಪುಟದ ಟೈಟಲ್‌ನಲ್ಲಿ 'ಹೋಮ್' ಅಂತಲೋ 'ಪ್ರಾಪರ್ಟಿ 17' ಅಂತಲೋ ಇದ್ದರೆ ತೆಗೆದು, 'ಬೋಗಾದಿ 2ನೇ ಹಂತದಲ್ಲಿ 30×40 ಸೈಟ್, ಪೂರ್ವ ದಿಕ್ಕು, ಮುಡಾ ಅಪ್ರೂವ್ಡ್' ಅಂತ ಹಾಕಿ. ಕೆಳಗೆ ನಾಲ್ಕೈದು ಸಾಲು ನಿಮ್ಮ ಮಾತಿನಲ್ಲೇ. ಬಿಲ್ಡರ್ ಕೊಟ್ಟ ಬ್ರೋಶರ್‌ನ ಸಾಲು ಬೇಡ, ಅದನ್ನು ಊರಿನ ಅರ್ಧ ಏಜೆಂಟರು ಹಾಗೇ ಹಾಕಿರುತ್ತಾರೆ. ನಂಬರನ್ನು ಅಕ್ಷರದಲ್ಲೇ ಬರೆದು, ಒತ್ತಿದರೆ ಕರೆ ಹೋಗುವಂತೆ ಮಾಡಿಸಿ. ಫೋನಿನಿಂದ ತೆಗೆದ 4-5 ಎಂಬಿ ಫೋಟೋ ಹಾಗೇ ಹಾಕಬೇಡಿ, ವೆಬ್‌ಪಿ ಅನ್ನುವ ಕಡಿಮೆ ಗಾತ್ರದ ಫೋಟೋ ಫಾರ್ಮ್ಯಾಟ್‌ಗೆ ಬದಲಿಸಿ ಚಿಕ್ಕದು ಮಾಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪುಕ್ಕಟೆ ನೋಡಬಹುದು.

ನುಡಿಯ ಕಥೆ: ಡಿಟಿಪಿಯವರು ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದಿರುತ್ತಾರೆ. ಆ ಫಾಂಟ್ ಇದ್ದ ಕಡೆ ಮಾತ್ರ ಅದು ಕನ್ನಡ. ಗೂಗಲ್‌ಗೂ ನಿಮ್ಮ ಮನೆಯವರ ಫೋನಿಗೂ ಅದು ಅರ್ಥವಿಲ್ಲದ ಅಕ್ಷರಗಳು. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ ನೋಡಿ, ಕನ್ನಡ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ. ಬರಲಿಲ್ಲ ಅಂದರೆ ಪರಿವರ್ತಕಗಳಿವೆ, ಅದರಲ್ಲಿ ಹಾಕಿ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ಎಡವಟ್ಟಾಗಿರುತ್ತವೆ, ಒಮ್ಮೆ ಓದಿ ತಿದ್ದಿ.

ಕನ್ನಡದಲ್ಲಿ ಯಾವುದನ್ನು ಬರೆಯಬೇಕು ಅನ್ನುವುದಕ್ಕೆ ನನ್ನ ಅಭಿಪ್ರಾಯ ಬೇರೆ ಇದೆ. ಕೊಳ್ಳುವವರಿಗೆ ಇಂಗ್ಲಿಷ್ ಪುಟ, ಮಾರುವವರಿಗೆ ಕನ್ನಡ ಪುಟ. ಯೆಲವಾಲದ ಕಡೆ ಜಮೀನು ಮಾರುವ ಯಜಮಾನರು ಇರುತ್ತಾರೆ ಅಲ್ವಾ? ಪಹಣಿ, ಮ್ಯುಟೇಷನ್, 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ), ಇಸಿ (ಋಣಭಾರ ಪ್ರಮಾಣಪತ್ರ) ಯಾವುದು ಯಾಕೆ ಬೇಕು, ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಇಸಿ ಹೇಗೆ ತೆಗೆಯುವುದು ಅಂತ ಅವರ ಮಗನೋ ಮಗಳೋ ಕನ್ನಡದಲ್ಲಿ ಹುಡುಕುತ್ತಾರೆ. ಏಜೆಂಟರೆಲ್ಲ ಕೊಳ್ಳುವವರ ಹಿಂದೆ ಓಡುತ್ತಾರೆ, ಮಾರುವವರಿಗೆ ಅಂತ ಬರೆಯುವವರು ಕಡಿಮೆ. ಒಳ್ಳೇ ಸೈಟು ಕೈಯಲ್ಲಿದ್ದರೆ ಗಿರಾಕಿ ಹೇಗೂ ಬರುತ್ತಾರೆ.

ಮಲ್ನಾಡ್_ಪ್ರಾಪರ್ಟಿ:

ನಾನೂ ಏಜೆಂಟ್, ಶಿವಮೊಗ್ಗ. ಒಂದು ಸೇರಿಸುತ್ತೇನೆ. ಹೊಸ ಬಡಾವಣೆ, ಅಪಾರ್ಟ್‌ಮೆಂಟ್ ಪುಟ ಹಾಕುವ ಮುಂಚೆ ಪ್ರಾಜೆಕ್ಟ್‌ನ ರೆರಾ ನಂಬರ್ ನೋಡಿಕೊಳ್ಳಿ. ನೋಂದಣಿ ಆಗಬೇಕಾದ ಪ್ರಾಜೆಕ್ಟ್ ಆಗಿಲ್ಲದಿದ್ದರೆ ಅದನ್ನು ಮಾರಿಸಲು ಏಜೆಂಟ್ ಕೈ ಹಾಕುವಂತಿಲ್ಲ, 2016ರ ಕಾಯ್ದೆಯ 10ನೇ ಸೆಕ್ಷನ್. ತಪ್ಪು ಮುಂದುವರಿದಷ್ಟು ದಿನ ದಿನಕ್ಕೆ 10,000 ದಂಡ ಇದೆ. 'ಪ್ರೀ ಲಾಂಚ್ ಆಫರ್' ಅಂತ ಬಿಲ್ಡರ್ ಕಳಿಸಿದ್ದನ್ನು ಹಾಗೇ ವೆಬ್‌ಸೈಟಿಗೆ ಹಾಕಿ, ಅದು ಗೂಗಲ್‌ನಲ್ಲಿ ಚೆನ್ನಾಗಿ ಬಂದರೆ ಕಷ್ಟ ನಿಮಗೇ. ನಿಮ್ಮ ಸ್ವಂತ ಏಜೆಂಟ್ ನಂಬರನ್ನು ಪ್ರತಿ ಪುಟದ ಕೆಳಗೆ ಹಾಕಿ. ನಮ್ಮಲ್ಲಿ ಫೋನ್ ಮಾಡುವವರು ಆ ನಂಬರನ್ನು ರೆರಾ ಪೋರ್ಟಲ್‌ನಲ್ಲಿ ನೋಡಿಯೇ ಮಾಡುತ್ತಾರೆ.

ಬೋಗಾದಿ_ಏಜೆಂಟ್:

ಪ್ರೀ ಲಾಂಚ್ ಪುಟ ಒಂದಿತ್ತು, ಈಗಲೇ ತೆಗೆಸಿದೆ. ಕೊನೇ ಪ್ರಶ್ನೆ ಮೇಡಂ. ಇದೆಲ್ಲ ಮಾಡಿದ ಮೇಲೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಹುಡುಗನನ್ನು ಕೇಳಿದರೆ 'ಟ್ರಾಫಿಕ್ ಬರ್ತಿದೆ ಅಂಕಲ್' ಅನ್ನುತ್ತಾನೆ, ಅಷ್ಟೇ.

ಸಣ್ಣಂಗಡಿ_ಎಸ್‌ಇಒ:

ಗೂಗಲ್‌ನ ಸರ್ಚ್ ಕನ್ಸೋಲ್ ಹಾಕಿಸಿ, ನಿಮ್ಮ ಸ್ವಂತ ಜಿಮೇಲ್‌ನಲ್ಲಿ, ಹುಡುಗನದ್ದರಲ್ಲಿ ಅಲ್ಲ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅಂತ 16 ತಿಂಗಳ ಹಿಂದಿನವರೆಗೂ ತೋರಿಸುತ್ತದೆ. ಪಟ್ಟಿಯಲ್ಲಿ ನಿಮ್ಮ ಹೆಸರು ಬಿಟ್ಟು ಬಡಾವಣೆಗಳ ಹೆಸರು ಕಾಣಿಸಲು ಶುರುವಾದರೆ ದಾರಿ ಸರಿಯಿದೆ. ಕೆಲವು ತಿಂಗಳು ಹಿಡಿಯುತ್ತದೆ, ದಿನಾ ತೆಗೆದು ನೋಡಬೇಡಿ. ಫೋನ್ ಮಾಡಿದವರನ್ನು "ಎಲ್ಲಿ ನೋಡಿದಿರಿ?" ಅಂತ ಕೇಳಿ ಒಂದು ಡೈರಿಯಲ್ಲಿ ಬರೆದಿಡಿ, ಅದು ಯಾವ ರಿಪೋರ್ಟಿಗೂ ಕಡಿಮೆಯಲ್ಲ.

ಹಾಗೇ ಡೊಮೇನ್ (ವೆಬ್‌ಸೈಟಿನ ವಿಳಾಸ) ಯಾರ ಹೆಸರಿನಲ್ಲಿದೆ ಅಂತ ಇವತ್ತೇ ಕೇಳಿ. ಹುಡುಗನ ಹೆಸರಿನಲ್ಲಿದ್ದರೆ ರಿನ್ಯೂವಲ್ ಬರುವ ಮುಂಚೆ ನಿಮ್ಮ ಖಾತೆಗೆ ವರ್ಗ ಮಾಡಿಸಿಕೊಳ್ಳಿ. ಸೈಟಿಗೆ ಇಸಿ ನೋಡುವ ನಿಮಗೆ ನಾನು ಹೇಳಿಕೊಡಬೇಕಾ!