ಪದಚರ್ಚೆ: ‘ಲೀಫ್ ಕರ್ಲ್’ ಎಂಬುದಕ್ಕೆ ಸುರುಳಿ, ಮುದುಡು, ಮುಟುರು – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ತರಕಾರಿ ಬೆಳೆಗಳ ರೋಗವನ್ನು ಫೋಟೊ ನೋಡಿ ಗುರುತಿಸುವ ಮೊಬೈಲ್ ಆ್ಯಪ್ ಒಂದರ ಕನ್ನಡವನ್ನು ತಿದ್ದಿಕೊಡುವ ಕೆಲಸ ನನ್ನ ಕೈಗೆ ಬಂದಿದೆ. ಹೆಚ್ಚಿನ ಹೆಸರುಗಳಲ್ಲಿ ತೊಡಕಿಲ್ಲ. ಬೂದಿ ರೋಗ, ತುಕ್ಕು ರೋಗ, ಸೊರಗು ರೋಗ, ಅಂಗಮಾರಿ – ಇವೆಲ್ಲ ರೈತರ ಬಾಯಲ್ಲೂ ಕೃಷಿ ಪುಸ್ತಕಗಳಲ್ಲೂ ನೆಲೆ ನಿಂತ ಮಾತುಗಳು. ಎಲೆಯೊಳಗೆ ಬಿಳಿ ಗೆರೆ ಕೊರೆಯುತ್ತ ಹೋಗುವ ಕೀಟಕ್ಕೆ ‘ರಂಗೋಲಿ ಹುಳು’ ಎಂದು ಹೆಸರಿಟ್ಟವರಿಗೆ ಕೈ ಮುಗಿಯಬೇಕು. ಒಮ್ಮೆ ಆ ಎಲೆ ನೋಡಿದವರು ಹೆಸರನ್ನು ಮರೆಯುವಂತೆಯೇ ಇಲ್ಲ. ನಾನು ಸಿಕ್ಕಿಕೊಂಡಿರುವುದು ಎಲೆ ಬಾಗಿ ಮಡಚಿಕೊಂಡು ಕೆಡುವುದಕ್ಕೆ ಹೇಳುವ ‘ಲೀಫ್ ಕರ್ಲ್’ ಎಂಬ ಒಂದೇ ಹೆಸರಿನಲ್ಲಿ.

ಆ್ಯಪ್‌ನಲ್ಲಿ ಈಗ ಇರುವುದು ‘ಎಲೆ ಸುರುಳಿ ರೋಗ’. ಮೊದಲು ನನಗೂ ಅದು ತಪ್ಪೆನಿಸಲಿಲ್ಲ. ಪಾಂಡವಪುರದ ಹತ್ತಿರ ನನ್ನ ಚಿಕ್ಕಪ್ಪ ಅರ್ಧ ಎಕರೆಗೆ ಮೆಣಸಿನ ಗಿಡ ಹಾಕಿದ್ದಾರೆ. ಕುಡಿಗಳು ಕೆಟ್ಟಾಗ ಫೋಟೊ ತೆಗೆದರು. ‘ಎಲೆ ಸುರುಳಿ’ ಎಂದು ಬಂತು. ನಾಲೆ ಬಯಲಿನಲ್ಲಿ ನಲವತ್ತು ವರ್ಷ ಭತ್ತ ಬೆಳೆದವರು ಅವರು. ಭತ್ತದ ಗರಿಯನ್ನು ಮಡಚಿ, ಒಳಗೆ ಕುಳಿತು ಹಸಿರು ಕೆರೆದು ತಿನ್ನುವ ಹುಳುವನ್ನು ಎಲೆ ಸುರುಳಿ ಹುಳು ಎಂದೇ ಅವರು ಬಲ್ಲರು. ಸುರುಳಿ ಎಂದ ಮೇಲೆ ಒಳಗೆ ಹುಳು ಇರಲೇಬೇಕೆಂದು ಒಂದೊಂದೇ ಎಲೆ ಬಿಡಿಸಿ ಹುಡುಕಿದರು. ಸಿಗಲಿಲ್ಲ. ಆದರೂ ಅಂಗಡಿಯಲ್ಲಿ ಅದೇ ಹೆಸರು ಹೇಳಿ, ಹುಳುವಿನ ಔಷಧಿ ತಂದು ಎರಡು ಸಲ ಹೊಡೆದರು. ಗಿಡ ಸುಧಾರಿಸಲಿಲ್ಲ.

ನಾನು ಮೈಸೂರಿನಿಂದ ಹೋದಾಗ ಒಂದು ಕುಡಿ ಕಿತ್ತು ಕೈಗೆ ಕೊಟ್ಟರು. “ನೋಡಮ್ಮ, ಸುರುಳಿ ಎಂದರೆ ಚಾಪೆ ಸುತ್ತಿದ ಹಾಗೆ ಇರಬೇಕು. ಇದು ಸುತ್ತಿಕೊಂಡಿಲ್ಲ, ಮುಟುರಿಕೊಂಡಿದೆ” ಎಂದರು. ಈ ಪತ್ರ ಹುಟ್ಟಿದ್ದು ಆ ಮಾತಿನಿಂದ.

ಆ ಎಲೆಯ ಎರಡೂ ಅಂಚು ಕೆಳಕ್ಕೆ ಬಾಗಿ, ಮಗುಚಿ ಹಾಕಿದ ದೋಣಿಯಂತಿತ್ತು. ತೊಟ್ಟು ಮಾತ್ರ ಇರಬೇಕಾದ್ದಕ್ಕಿಂತ ಉದ್ದ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಒಯ್ದು ತೋರಿಸಿದೆವು. ಮಸೂರದ ಕೆಳಗೆ ಎಲೆಯ ಹಿಂಬದಿಯಲ್ಲಿ ಮೈಟ್ ನುಸಿ ಎಂಬ ಅತಿ ಸಣ್ಣ ಜೀವಿ ಕಂಡಿತು. ಅಂಚು ಮೇಲಕ್ಕೆ ಮಡಚಿಕೊಂಡು ನೇರ ದೋಣಿಯಂತಿದ್ದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕಾಟ. ಎಲೆ ಕಿರಿದಾಗಿ, ನರಗಳು ಹಳದಿಯಾಗಿ, ಇಡೀ ಗಿಡ ಗಿಡ್ಡವಾಗಿ ಪೊದೆಗಟ್ಟಿದರೆ ಅದು ಬಿಳಿ ನೊಣ ಹರಡುವ ನಂಜು, ಅಂದರೆ ವೈರಸ್. ನುಸಿಗೆ ಗಂಧಕದ ಸಿಂಪಡಣೆ ಕೆಲಸ ಮಾಡುತ್ತದೆ, ಹುಳುವಿನ ಔಷಧಿಗಳಲ್ಲಿ ಹೆಚ್ಚಿನವು ಮಾಡುವುದಿಲ್ಲ. ನಂಜು ಹತ್ತಿದ ಗಿಡಕ್ಕಂತೂ ಔಷಧಿಯೇ ಇಲ್ಲ, ಕಿತ್ತು ಹಾಕಬೇಕು. ಇಷ್ಟು ಬೇರೆ ಬೇರೆಯಾದ ಮೂರಕ್ಕೂ ‘ಎಲೆ ಸುರುಳಿ’ ಎಂಬ ಒಂದೇ ಚೀಟಿ ಅಂಟಿಸುವುದು ರೈತನಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಇನ್ನು ಪದಗಳಿಗೆ ಬರುತ್ತೇನೆ. ಹಾಸಿಗೆಯನ್ನು ಸುರುಳಿ ಸುತ್ತುತ್ತೇವೆ, ಸುರುಳಿ ಹೋಳಿಗೆ ಮಾಡುತ್ತೇವೆ. ಸುರುಳಿ ಎಂದರೆ ಸುತ್ತಿದವರು ಯಾರೋ ಇದ್ದಾರೆ ಎಂಬ ಭಾವ ಒಳಗೇ ಇರುತ್ತದೆ. ಚಿಕ್ಕಪ್ಪ ಹುಳು ಹುಡುಕಿದ್ದರಲ್ಲಿ ಅವರ ತಪ್ಪಿಲ್ಲ. ಕೆಲವು ಕೈಪಿಡಿಗಳಲ್ಲಿರುವ ‘ಮುದುಡು ರೋಗ’ವೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಮುಟ್ಟಿದರೆ ಮುನಿ ಮುದುಡುತ್ತದೆ, ತಾವರೆ ಮುದುಡುತ್ತದೆ, ಚಳಿಗೆ ಮಗು ಮುದುಡಿಕೊಳ್ಳುತ್ತದೆ. ಇವೆಲ್ಲ ಮತ್ತೆ ಅರಳುತ್ತವೆ. ನೀರು ಸಾಲದೆ ಮಧ್ಯಾಹ್ನ ಮುದುಡಿದ ಎಲೆ ಸಂಜೆಗೆ ಬಿಚ್ಚಿಕೊಳ್ಳುತ್ತದೆ. ಆದರೆ ಬೆಂಕಿಗೆ ತಾಗಿದ ಕೂದಲು ಮುರುಟುತ್ತದೆ, ಮುರುಟಿದ್ದು ಹಿಂದಿನಂತಾಗುವುದಿಲ್ಲ. ರೋಗದ ಎಲೆಯೂ ಹಾಗೆಯೇ. ಆದ್ದರಿಂದ ಮುರುಟು ಅಥವಾ ಮುಟುರು ಕುಲದ ಪದವೇ ಇಲ್ಲಿಗೆ ತಕ್ಕದ್ದೆಂದು ನನಗೆ ತೋರುತ್ತದೆ.

‘ನುಸಿ’ಯಲ್ಲೂ ಒಂದು ಗೋಜಲಿದೆ. ತೆಂಗಿಗೆ ನುಸಿ ಪೀಡೆ ಬಂದ ಕಾಲದಿಂದ ಮಂಡ್ಯ, ಮೈಸೂರು ಕಡೆಯ ರೈತರಿಗೆ ಈ ಪದ ಚೆನ್ನಾಗಿ ಗೊತ್ತು. ಆದರೆ ಕೃಷಿ ಬರಹಗಳಲ್ಲಿ ಮೈಟ್ ನುಸಿ, ಥ್ರಿಪ್ಸ್ ನುಸಿ ಎಂದು ಎರಡಕ್ಕೂ ನುಸಿಯೇ. ಮೆಣಸಿನ ಗಿಡದ ಮೈಟ್ ಎಂಟು ಕಾಲಿನದು, ಜೇಡದ ಬಳಗ. ಥ್ರಿಪ್ಸ್ ಆರು ಕಾಲಿನ ಕೀಟ. ಔಷಧಿ ಬೇರೆಯಾಗುವುದೂ ಇಲ್ಲಿಯೇ.

ಆ್ಯಪ್ ತಾನೇ ಬಿಡಿಸಿ ಹೇಳಲಿ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಫೋಟೊ ನೋಡಿ ರೋಗ ಗುರುತಿಸುವ ಈ ವಿದ್ಯೆಗೆ ಬುನಾದಿಯಾದ ಪ್ಲಾಂಟ್‌ವಿಲೇಜ್ ಚಿತ್ರಸಂಗ್ರಹವನ್ನು ಬಳಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲೆಗಳ 54,306 ಚಿತ್ರಗಳಿದ್ದವು. ಸಂಗ್ರಹದೊಳಗಿನ ಚಿತ್ರಗಳಲ್ಲಿ ಶೇ 99ಕ್ಕೂ ಹೆಚ್ಚು ಸರಿ ಹೇಳಿದ ಆ ವಿಧಾನ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳಲ್ಲಿ ಸುಮಾರು ಶೇ 31ಕ್ಕೆ ಇಳಿಯಿತು. ಆ ಸಂಗ್ರಹದಲ್ಲಿ ಟೊಮೆಟೊ ಎಲೆಗಳಿದ್ದವು, ದಪ್ಪ ಮೆಣಸಿನಕಾಯಿಯವೂ ಇದ್ದವು. ನಮ್ಮ ಹಸಿ ಮೆಣಸಿನಕಾಯಿಯ ಮುಟುರು ಇರಲಿಲ್ಲ. ಅಲ್ಲದೆ ಮೇಲಿನಿಂದ ತೆಗೆದ ಫೋಟೊದಲ್ಲಿ ಕೆಳಕ್ಕೆ ಬಾಗಿದ ಎಲೆ ಬರೀ ಕಿರಿದಾದ ಎಲೆಯಂತೆ ಕಾಣುತ್ತದೆ. ಹಾಗಾಗಿ ಹೆಸರೇ ರೈತನಿಗೆ ಎಲೆ ಮಗುಚಿ ನೋಡಲು ಹೇಳಬೇಕು.

ನಾನು ಹೊಸೆದ ಹೆಸರುಗಳು ಇವು: ಥ್ರಿಪ್ಸ್ ಕಾಟಕ್ಕೆ ‘ಮೇಲ್ಮುಟುರು’, ಮೈಟ್ ಕಾಟಕ್ಕೆ ‘ಕೆಳಮುಟುರು’, ವೈರಸ್ಸಿಗೆ ‘ನಂಜು ಮುಟುರು’. ಚಿಕ್ಕಪ್ಪನಿಗೆ ಹೇಳಿದಾಗ ಅವರು ಎರಡು ಅಂಗೈಗಳನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಬಾಗಿಸಿ, “ಇದು ಗೊತ್ತಾಗುತ್ತದೆ” ಎಂದರು.

ತಿಳಿದವರು ಹೇಳಬೇಕು: ಮುರುಟು, ಮುಟುರು ಇವೆರಡೂ ಅಕ್ಷರ ಪಲ್ಲಟವಾದ ಒಂದೇ ಪದವೇ, ಅಥವಾ ಬೇರೆ ಬೇರೆಯೇ? ಮಳವಳ್ಳಿ, ನಾಗಮಂಗಲ, ಹುಣಸೂರು, ನಂಜನಗೂಡು ಕಡೆಯವರ ಬಾಯಲ್ಲಿ ಯಾವುದಿದೆ? ಥ್ರಿಪ್ಸ್‌ಗೆ ನುಸಿಯಲ್ಲದ ಬೇರೆ ಹೆಸರನ್ನು ಹೊಲದಲ್ಲಿ ಯಾರಾದರೂ ಕೇಳಿದ್ದೀರಾ?